ಜೋಳದ ಋಣ, ಜೊತೆಗಾರನ ಋಣ

— ಮಾವ, ಇಲ್ಲ ಅನ್ನಬೇಡಿ. ಪ್ರಿನ್ಸಿಪಾಲರಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ‘ಸಾಹಿತ್ಯದಲ್ಲಿ ಯೋಧನ ನಿಷ್ಠೆ’ ಅಂತ ವಿಷಯ. ಅರ್ಧ ಗಂಟೆ ಮಾತಾಡಿದರೆ ಸಾಕು.

— ನಿಷ್ಠೆ ಅಂತ ಹಾಕಿದ್ದೀಯಲ್ಲ, ಅಲ್ಲೇ ತೊಡಕು ಕಣಮ್ಮ. ಪಲ್ಟನ್ನಿನಲ್ಲಿದ್ದು ಬಂದ ಮುದುಕ ವೇದಿಕೆ ಹತ್ತಿದರೆ ಹುಡುಗರು ಏನು ಕೇಳೋಕೆ ಕೂತಿರ್ತಾರೆ ಅಂತ ನನಗೆ ಗೊತ್ತು. ದೇಶ, ಧ್ವಜ, ಬಲಿದಾನ. ಅಷ್ಟು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಇಳಿಯಬಹುದು. ಆದರೆ ಗುಂಡು ಹಾರೋ ಹೊತ್ತಿನಲ್ಲಿ ಸಿಪಾಯಿಯ ತಲೆಯಲ್ಲಿ ದೇಶದ ನಕ್ಷೆ ಇರುತ್ತೆ ಅಂದುಕೊಂಡಿದ್ದೀಯಾ?

— ಮತ್ತೇನಿರುತ್ತೆ?

— ಪಕ್ಕದಲ್ಲಿದ್ದವನು ಇದ್ದಾನೋ ಹೋದನೋ ಅನ್ನೋದು. ಅದೊಂದೇ. ಮಿಕ್ಕಿದ್ದೆಲ್ಲ ಮೊದಲು ಇರುತ್ತೆ, ಆಮೇಲೆ ಇರುತ್ತೆ.

— ನಾಮ್, ನಮಕ್, ನಿಶಾನ್ ಅಂತ ನಮಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರು ನೀವೇ ಅಲ್ವಾ? ಹೆಸರು, ಉಪ್ಪು, ಬಾವುಟ.

— ಹೌದು, ಅದು ಸುಳ್ಳಲ್ಲ. ಉಪ್ಪಿನ ಮಾತಂತೂ ಸೈನ್ಯದಲ್ಲಿ ಎಲ್ಲರ ಬಾಯಲ್ಲೂ ಇರುತ್ತೆ. ನಿಮ್ಮ ಹಳಗನ್ನಡದಲ್ಲೂ ಅದೇ ತಾನೇ?

— ನಮ್ಮಲ್ಲಿ ಉಪ್ಪಿಗಿಂತ ಜೋಳ ಮುಂದು. ಜೋಳದ ಪಾಳಿ ಅಂತಾರೆ. ಒಡೆಯನ ಜೋಳ ಉಂಡವನು ಅವನಿಗಾಗಿ ಕಾದಬೇಕು, ಬೇಕಾದರೆ ಸಾಯಬೇಕು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ವೇಳೆವಾಳಿ. ಒಡೆಯ ಸತ್ತ ಹೊತ್ತಿಗೆ ತಾನೂ ಸಾಯುತ್ತೇನೆ ಅಂತ ಮೊದಲೇ ಮಾತು ಕೊಟ್ಟಿರೋದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹತ್ತಿರದ ಆ ಕಂಬ ನೆನಪಿದೆಯಾ?

— ತಲೆ ಕತ್ತರಿಸಿಕೊಳ್ತಿರೋರ ಕಂಬ ತಾನೇ? ಕೈಯಲ್ಲಿ ಕತ್ತಿ ಹಿಡಿದು ತಮ್ಮ ಕುತ್ತಿಗೆಗೆ ತಾವೇ ಹಾಕಿಕೊಂಡಿರ್ತಾರೆ. ನಿಮ್ಮ ಅತ್ತೆಗೆ ತೋರಿಸಿದ್ದೆ, ಮುಖ ತಿರುಗಿಸಿಕೊಂಡು ಗುಡಿ ಒಳಗೆ ಹೋದಳು.

— ಕುವರ ಲಕ್ಷ್ಮನ ಕಂಬ. ಇಮ್ಮಡಿ ವೀರಬಲ್ಲಾಳನ ದಂಡನಾಯಕ. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮನೂ ಹೋದ, ಹೆಂಡತಿಯೂ ಹೋದಳು, ಮಾತು ಕೊಟ್ಟಿದ್ದ ಸಾವಿರ ಮಂದಿ ವೀರರೂ ಹೋದರು ಅಂತ ಶಾಸನ. ಗರುಡರು ಅಂತ ಅವರನ್ನ ಕರೆಯೋದು. ನಮ್ಮ ಹುಡುಗರು ಆ ಪಾಠ ಬಂದಾಗ ಮೈ ಜುಮ್ಮೆನ್ನುತ್ತೆ ಅಂತಾರೆ.

— ನನಗೂ ಜುಮ್ಮೆನ್ನುತ್ತೆ, ಬೇರೆ ಕಾರಣಕ್ಕೆ. ಯುದ್ಧದಲ್ಲಿ ಸತ್ತಿದ್ದರೆ ಒಂದು ಮಾತು. ರಾಜ ಹೋದ ಅಂತ ಮಾರನೇ ದಿನದ ಕಾವಲಿಗೆ ಬೇಕಾದ ಸಾವಿರ ಆಳು ಕಳೆದುಕೊಂಡರಲ್ಲ! ಸೈನ್ಯ ನಡೆಸಿದವನು ಇದನ್ನ ಮೆಚ್ಚೋಕೆ ಆಗಲ್ಲ. ಕಲ್ಲು ಕೆತ್ತಿಸಿದವರು ಬದುಕಿದ್ದವರು, ಅದನ್ನ ಮರೀಬೇಡ. ಸತ್ತವನ ಮನಸ್ಸಿನಲ್ಲಿ ಏನಿತ್ತು ಅಂತ ಕಲ್ಲಿನಲ್ಲಿ ಇರಲ್ಲ.

— ಎಲ್ಲ ಕಲ್ಲೂ ಹಾಗಲ್ಲ. ಆತಕೂರಿನ ಕಲ್ಲು ನೋಡಿದ್ದೀರಾ? ಮದ್ದೂರು ತಾಲ್ಲೂಕಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

— ನಾಯಿಯ ಕಲ್ಲು?

— ಅದೇ. 949ರಲ್ಲಿ ತಕ್ಕೋಲದ ಯುದ್ಧ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಒಂದು ಕಡೆ, ಚೋಳರು ಇನ್ನೊಂದು ಕಡೆ. ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಿ, ಆನೆಯ ಮೇಲಿದ್ದ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೆರ ಅಂತ. ಅವನೂ ಮುಂದೆ ನಿಂತು ಹೋರಾಡಿದ. ಬೂತುಗನಿಗೆ ಖುಷಿಯಾಗಿ, ಏನು ಬೇಕೋ ಕೇಳು ಅಂದ. ಈ ಮಣಲೆರ ಕೇಳಿದ್ದು ಒಂದು ನಾಯಿಯನ್ನು. ಕಾಳಿ ಅಂತ ಅದರ ಹೆಸರು.

— ಊರು ಕೇಳಲಿಲ್ವಾ?

— ಊರುಗಳೂ ಸಿಕ್ಕವು. ಬಾಳ್ಗಚ್ಚು ಅಂತ ಕೊಟ್ಟರು, ಕತ್ತಿ ತೊಳೆದದ್ದಕ್ಕೆ ಕೊಡೋ ಉಂಬಳಿ. ಆದರೆ ತಾನಾಗಿ ಬಾಯಿಬಿಟ್ಟು ಕೇಳಿದ್ದು ಕಾಳಿಯನ್ನು. ಆಮೇಲೆ ಆ ನಾಯಿಯನ್ನು ಬೇಟೆಯಲ್ಲಿ ಒಂದು ಭಾರೀ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿ, ನಾಯಿ ಎರಡೂ ಕಚ್ಚಾಡಿಕೊಂಡು ಒಟ್ಟಿಗೆ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಜಮೀನು ಬಿಟ್ಟ. ಪೂಜೆ ಮಾಡದೆ ಉಂಡರೆ ಗೊರವನಿಗೆ, ಅಂದರೆ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತೆ ಅಂತ ಬೇರೆ ಬರೆಸಿದ್ದಾನೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರು ಬಿದ್ದು ಸೆಣಸೋದನ್ನ ಕೆತ್ತಿದ್ದಾರೆ. ಒಂದು ಸಾಮ್ರಾಜ್ಯದ ಹಣೆಬರಹ ತೀರ್ಮಾನವಾದ ಯುದ್ಧದ ಸುದ್ದಿ ನಮಗೆ ತಿಳಿಯೋದು ನಾಯಿಗೆ ಹಾಕಿಸಿದ ಕಲ್ಲಿನಿಂದ, ನೋಡಿ ಮಾವ.

— ಆ ಮಣಲೆರ ನನಗೆ ಅರ್ಥ ಆಗ್ತಾನೆ. ಗಡಿಯಲ್ಲಿ ನಾಯಿ ಸಾಕಿಕೊಳ್ಳದ ಪೋಸ್ಟ್ ನಾನು ನೋಡಿಲ್ಲ. ಎಲ್ಲಿಂದಲೋ ಬಂದು ಅಡುಗೆಯ ಲಂಗರ್ ಮುಂದೆ ಕೂರುತ್ತೆ. ಮನುಷ್ಯರ ಹತ್ತಿರ ಆಡೋಕೆ ಆಗದ ಮಾತನ್ನ ಹುಡುಗರು ಅದರ ಹತ್ತಿರ ಆಡ್ತಾರೆ. ಪಲ್ಟನ್ ಬದಲಾದರೂ ನಾಯಿ ಅಲ್ಲೇ ಇರುತ್ತೆ, ಹೊಸಬರಿಗೆ ಹಸ್ತಾಂತರ. ಆದರೆ ಇಷ್ಟು ಕೊಂದು ಬಂದು ನಾಯಿ ಕೇಳಿದವನು ಅದನ್ನ ಮನೆ ಬಾಗಿಲಲ್ಲಿ ಮಲಗಿಸಿಕೊಳ್ಳಲಿಲ್ಲ. ಹಂದಿ ಮೇಲೆ ಬಿಟ್ಟ. ಕಾದಾಟ ಬಿಟ್ಟು ಬೇರೆ ಥರ ಪ್ರೀತಿಸೋಕೆ ಬರ್ತಿರಲಿಲ್ಲ ಅವನಿಗೆ.

— ಇದನ್ನೇ ಬಂದು ಹೇಳಿ ಅನ್ನೋದು ನಾನು.

— ಇರು. ಕರ್ಣನ ವಿಷಯ ಹೇಳದೆ ನಿಷ್ಠೆ ಅಂತ ಭಾಷಣ ಮಾಡಿದರೆ ನಿನ್ನ ವಿದ್ಯಾರ್ಥಿಗಳು ಬಿಡ್ತಾರಾ? ಕರ್ಣನ ಬಗ್ಗೆ ನಾನು ಹೇಳೋದು ನಿನಗೆ ಹಿಡಿಸಲ್ಲ.

— ಹೇಳಿ ನೋಡೋಣ. ತಕ್ಕೋಲಕ್ಕೆ ಎಂಟು ವರ್ಷ ಮೊದಲು, 941ರಲ್ಲಿ, ಪಂಪ ವಿಕ್ರಮಾರ್ಜುನ ವಿಜಯ ಬರೆದ. ಅವನೂ ಯುದ್ಧ ಕಂಡವನೇ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಹೌದು, ಕಲಿಯೂ ಹೌದು. ಒಡೆಯನನ್ನು ಅರ್ಜುನನ ಜೊತೆ ಒಂದು ಮಾಡಿ ಹೊಗಳೋಕೆ ಹೊರಟ ಕಾವ್ಯ. ಆದರೂ ಕರ್ಣ ಬೀಳೋ ಜಾಗಕ್ಕೆ ಬಂದಾಗ ಪಂಪನ ಮನಸ್ಸು ಆ ಕಡೆ ವಾಲಿಬಿಡುತ್ತೆ. ಅನ್ನ ಕೊಟ್ಟ ದೊರೆಯ ಎದುರಾಳಿಯನ್ನೇ ನೆನೆಯಿರಿ ಅಂತ ಓದುಗರಿಗೆ ಹೇಳ್ತಾನೆ.

— ಅದು ಪಂಪನ ದೊಡ್ಡತನ. ನಾನು ಕರ್ಣನನ್ನ ಕೇಳ್ತಿದ್ದೇನೆ. ಅವನು ಯಾಕೆ ಪಕ್ಷ ಬಿಡಲಿಲ್ಲ?

— ಕೃಷ್ಣ ಬಂದು, ನೀನು ಕುಂತಿಯ ಮಗ, ಹಿರಿಯ ನೀನೇ, ರಾಜ್ಯ ನಿನ್ನದೇ ಅಂತಾನೆ. ಪಂಪನ ಕರ್ಣನಿಗೆ ಆ ಹೊತ್ತಿನಲ್ಲಿ ನೆನಪಿಗೆ ಬರೋದು ಅಂಗರಾಜ್ಯಕ್ಕಿಂತ ಒಂದು ಪಗಡೆಯಾಟ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಆಡ್ತಿದ್ದಾಗ ಅವಳ ಹಾರಕ್ಕೆ ಕೈ ಹೋಗಿ ಮುತ್ತೆಲ್ಲ ನೆಲಕ್ಕೆ ಚೆಲ್ಲಿದವು. ಒಳಗೆ ಬಂದ ದುರ್ಯೋಧನ ಒಂದಿಷ್ಟೂ ಶಂಕಿಸಲಿಲ್ಲ, ಮುತ್ತು ಆರಿಸಿಕೊಡಲಾ ಅನ್ನೋ ಹಾಗೆ ನಡೆದುಕೊಂಡ. ಅಂಥವನನ್ನು ಹೇಗೆ ಬಿಡಲಿ ಅನ್ನೋದು ಕರ್ಣನ ಪ್ರಶ್ನೆ. ಕುಮಾರವ್ಯಾಸನಲ್ಲಿ ಇನ್ನೂ ನೇರ. ತಾನು ರಾಜವಂಶದವನು ಅಂತ ತಿಳಿದ ಕ್ಷಣ ಕಣ್ಣೀರು ಬರುತ್ತೆ, ಒಳಗೊಳಗೇ ಮರುಗೋದು ಮಾತ್ರ ದುರ್ಯೋಧನನಿಗೆ ಕೇಡಾಯಿತಲ್ಲ ಅಂತ. ತನ್ನ ಸುದ್ದಿ ಕೇಳಿ ಗೆಳೆಯನಿಗೆ ಅಳ್ತಾನೆ. ಮಾವ, ಇದಕ್ಕಿಂತ ನಿಷ್ಠೆ ಬೇಕಾ?

— ಅಲ್ಲೇ ಗಂಟು ಇರೋದು. ಸಾಮಾನ್ಯ ಸಿಪಾಯಿಗೆ ಎರಡು ಋಣ ಬೇರೆ ಬೇರೆ. ಒಂದು ಅನ್ನ ಹಾಕಿದವನದು, ಜೋಳದ ಪಾಳಿ ಅಂದೆಯಲ್ಲ ಅದು. ಇನ್ನೊಂದು ಪಕ್ಕದಲ್ಲಿ ನಿಂತವನದು. ಮೊದಲನೆಯದಕ್ಕೆ ಸಂಬಳ ಇದೆ, ಕಾನೂನು ಇದೆ, ಬೇಕಾದರೆ ಅದರ ಮೇಲೆ ಸಿಟ್ಟಾಗಬಹುದು. ಎರಡನೆಯದರ ಮೇಲೆ ಸಿಟ್ಟಾಗೋಕೆ ಬರಲ್ಲ. ಕರ್ಣನಿಗೆ ಇವೆರಡೂ ಒಬ್ಬನೇ ಮನುಷ್ಯನಲ್ಲಿ ಸೇರಿಕೊಂಡವು. ಒಡೆಯನೂ ದುರ್ಯೋಧನ, ಜೊತೆಗಾರನೂ ದುರ್ಯೋಧನ. ಬಿಡಿಸಿಕೊಳ್ಳೋಕೆ ದಾರಿಯೇ ಇಲ್ಲ. ಬಾಕಿ ಕೌರವ ಸೈನ್ಯದ ಮೇಲೆ ಅವನಿಗೆ ಏನು ಪ್ರೀತಿ ಇತ್ತು ಹೇಳು? ಭೀಷ್ಮನ ಜೊತೆ ಜಗಳ ಆಡಿಕೊಂಡು ಹತ್ತು ದಿನ ಯುದ್ಧಕ್ಕೇ ಇಳಿಯಲಿಲ್ಲ. ನನ್ನ ಕೈಕೆಳಗೆ ಯಾರಾದರೂ ಹಾಗೆ ಮಾಡಿದ್ದರೆ!

— ಅಖಿಲೀಸನೂ ಮುನಿಸಿಕೊಂಡು ಡೇರೆಯಲ್ಲಿ ಕೂತವನೇ. ಹೋಮರನ ಇಲಿಯಡ್ ಶುರುವಾಗೋದೇ ಆ ಸಿಟ್ಟಿನಿಂದ. ಮತ್ತೆ ಅವನು ಯುದ್ಧಕ್ಕೆ ಎದ್ದದ್ದು ಗ್ರೀಕರಿಗಾಗಿ ಅಲ್ಲ, ಗೆಳೆಯ ಪೆಟ್ರೋಕ್ಲಸ್ ಸತ್ತ ಅಂತ.

— ನೋಡು, ಜೊತೆಗಾರನ ಋಣ! ಎಲ್ಲಿಗೆ ಹೋದರೂ ಅದೇ. ಇನ್ನು ರನ್ನನ ವಿಷಯಕ್ಕೆ ಬರ್ತೀನಿ. ನೀನು ಕೊಟ್ಟ ಗದಾಯುದ್ಧ, ಗದ್ಯಾನುವಾದ ಪಕ್ಕಕ್ಕಿಟ್ಟುಕೊಂಡು ಓದಿದೆ. ದುರ್ಯೋಧನ ಸಂಜಯನ ಕೈ ಹಿಡಿದುಕೊಂಡು ರಣರಂಗದಲ್ಲಿ ನಡೆಯೋ ಭಾಗ. ಬರೆದವನು ಬಳೆಗಾರರ ಮನೆಯ ಹುಡುಗ ಅಂತೀಯ, ಆದರೆ ಯುದ್ಧ ಮುಗಿದ ಮೈದಾನ ಹೇಗಿರುತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಹೆಣ ದಾಟಬೇಕು, ರಕ್ತದಲ್ಲಿ ಕಾಲು ಜಾರುತ್ತೆ, ಮುಗ್ಗರಿಸ್ತಾನೆ. ಒಬ್ಬೊಬ್ಬರನ್ನೇ ಗುರುತು ಹಿಡೀತಾ ಹೋಗ್ತಾನೆ. ಗುರು, ಮಗ, ತಮ್ಮ, ಗೆಳೆಯ.

— ನನಗೆ ಆ ಕಾವ್ಯದಲ್ಲಿ ಅದೇ ಭಾಗ ಸಾಕು. ಗದೆಯ ಯುದ್ಧ ಬಾರದಿದ್ದರೂ ನಡೀತಿತ್ತು ಅನ್ನಿಸುತ್ತೆ ಒಮ್ಮೊಮ್ಮೆ. ಮಗ ಲಕ್ಷಣನ ಹತ್ತಿರ ನಿಂತು, ಮಗ ತಂದೆಗೆ ತರ್ಪಣ ಬಿಡಬೇಕಾದ್ದು, ಇಲ್ಲಿ ತಂದೆ ಮಗನಿಗೆ ಬಿಡೋ ಹಾಗಾಯಿತು ಅಂತ ಕೊರಗ್ತಾನೆ. ದುಶ್ಶಾಸನನ ಹತ್ತಿರ ಬಂದಾಗ ಬೇರೆ ರೀತಿ. ತಾಯಿಯ ಹಾಲು ಕುಡಿಯೋದರಿಂದ ಹಿಡಿದು ಎಲ್ಲದರಲ್ಲೂ ಅಣ್ಣ ನಾನು ಮೊದಲು, ನೀನು ಆಮೇಲೆ. ಸಾವಿನಲ್ಲಿ ಮಾತ್ರ ಸರದಿ ತಪ್ಪಿಸಿ ಮುಂದೆ ಹೋದೆಯಾ ಅಂತ. ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿದವನು ಆ ದುಶ್ಶಾಸನ. ರನ್ನ ಅದನ್ನ ಮರೆಸಲ್ಲ, ಆದರೆ ಅವನನ್ನೂ ಒಬ್ಬ ಅಣ್ಣನ ತಮ್ಮನನ್ನಾಗಿ ಮಾಡಿ ಮಲಗಿಸ್ತಾನೆ.

— ಅಲ್ಲಿವರೆಗೂ ನನ್ನ ಕಣ್ಣಲ್ಲೂ ನೀರಿತ್ತು. ಕರ್ಣನ ಹೆಣದ ಹತ್ತಿರ ಬಂದ ಮೇಲೆ ಪುಸ್ತಕ ಮುಚ್ಚಿದೆ. ಸಿಟ್ಟು ಬಂತು. ಅಲ್ಲಿ ದುರ್ಯೋಧನ ಏನು ಹೇಳ್ತಾನೆ? ನೀನು ಯಾರು ಅಂತ ಲೋಕಕ್ಕೆ ಗೊತ್ತಿರಲಿಲ್ಲ, ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ, ಸೂರ್ಯನಿಗೆ, ಸಹದೇವನಿಗೆ ಗೊತ್ತಿತ್ತು. ಆ ಪಟ್ಟಿಯ ಮೊದಲನೇ ಹೆಸರು ಯಾರದು? ತನ್ನದು! ಇವನಿಗೆ ಮೊದಲೇ ಗೊತ್ತಿತ್ತು. ಎದುರುಗಡೆ ಇರೋರು ನಿನ್ನ ತಮ್ಮಂದಿರು ಕಣಯ್ಯಾ ಅಂತ ಒಂದು ಮಾತು ಹೇಳದೆ ಯುದ್ಧಕ್ಕೆ ಕಳಿಸಿದ. ಕೆಳಗಿನವನಿಗೆ ತಿಳಿಯಬೇಕಾದ್ದನ್ನ ಮುಚ್ಚಿಟ್ಟು ಮುಂದಕ್ಕೆ ನೂಕೋ ಮೇಲಧಿಕಾರಿ ಇವನು. ಇದಕ್ಕೆ ಗೆಳೆತನ ಅಂತ ಹೆಸರು ಬೇರೆ.

— ಅಷ್ಟು ಬೇಗ ತೀರ್ಪು ಕೊಡಬೇಡಿ. ಅದೇ ಸಾಲುಗಳನ್ನ ನಾನು ಪಾಠ ಮಾಡೋದು ತದ್ವಿರುದ್ಧವಾಗಿ. ದುರ್ಯೋಧನನಿಗೆ ಗೊತ್ತಿತ್ತು, ಅಂದರೆ ಶತ್ರುವಿನ ಅಣ್ಣ ಅಂತ ತಿಳಿದೂ ಪಕ್ಕದಲ್ಲಿ ಇಟ್ಟುಕೊಂಡ. ಯಾವ ರಾತ್ರಿ ಬೇಕಾದರೂ ಇವನು ಆ ಕಡೆ ಎದ್ದು ಹೋಗಬಹುದು ಅಂತ ಗೊತ್ತಿದ್ದೂ ಸೇನಾಪತಿ ಪಟ್ಟ ಕಟ್ಟಿದ. ಅಷ್ಟು ನಂಬಿಕೆ ಇಟ್ಟವರು ಪಾಂಡವರ ಕಡೆ ಯಾರಾದರೂ ಇದ್ದರಾ?

— ನಂಬಿಕೆ ಇದ್ದವನು ಹೇಳ್ತಿದ್ದ. ಹೇಳಿ, ಆಮೇಲೂ ನನ್ನ ಜೊತೆ ಇರ್ತೀಯಾ ಅಂತ ಕೇಳ್ತಿದ್ದ.

— ಹೇಳಿದ್ದರೆ ಕರ್ಣ ಆಯ್ಕೆ ಮಾಡಬೇಕಾಗ್ತಿತ್ತು. ಆ ನೋವು ಅವನಿಗೆ ಬೇಡ ಅಂತ ಇರಬಹುದಲ್ವಾ?

— ನೀನು ಮೇಡಂ ಆಗಿ ಮಾತಾಡ್ತಿದ್ದೀಯ, ಪಾತ್ರಕ್ಕೆ ಅಂಕ ಕೊಡ್ತಿದ್ದೀಯ. ನಾನು ಸಾಯೋಕೆ ಹೋಗೋನ ಜಾಗದಲ್ಲಿ ನಿಂತು ನೋಡ್ತಿದ್ದೀನಿ.

— ಹಾಗೆ ಅಂದುಕೊಂಡರೂ ಆ ಅಳು ನಾಟಕ ಅಲ್ಲ ಮಾವ. ತಪ್ಪು ತನ್ನದೇ ಅಂತ ಗೊತ್ತಿರೋನ ಅಳು ಅದು. ಗೊತ್ತಿತ್ತು ಅಂತ ಒಪ್ಪಿಕೊಳ್ಳೋಕೆ ಅಲ್ಲಿ ಯಾರೂ ಬಲವಂತ ಮಾಡ್ತಿರಲಿಲ್ಲ, ಕೇಳಿಸಿಕೊಳ್ಳೋಕೆ ಇದ್ದವನು ಸಂಜಯ ಒಬ್ಬ. ಹೆಣದ ಮುಂದೆ ನಿಂತ ಮೇಲೆ ತಾನೇ ಬಾಯಿಬಿಟ್ಟ.

— ಅಳು ನಿಜ ಅಂತ ನಾನೂ ಒಪ್ತೀನಿ. ಹಾಗೆ ಅಳೋ ಅಧಿಕಾರಿಗಳನ್ನ ಕಂಡಿದ್ದೀನಿ. ಅಳು ನಿಜವಾದ ಮಾತ್ರಕ್ಕೆ ಆಜ್ಞೆ ಸರಿಯಾಗಲ್ಲ.

— ಸರಿ, ಇದನ್ನ ಇಲ್ಲಿಗೆ ಬಿಡೋಣ, ಇಬ್ಬರೂ ಸೋಲಲ್ಲ. ಅಭಿಮನ್ಯುವಿನ ಹತ್ತಿರ ಅವನು ನಿಂತದ್ದು?

— ಅದು ಬೇರೆ ತೂಕದ್ದು. ತನ್ನ ಕಡೆಯವರು ಸೇರಿ ಕೊಂದ ಹುಡುಗನಿಗೆ ಕೈ ಮುಗಿದು, ನಿನ್ನ ಪರಾಕ್ರಮದಲ್ಲಿ ಒಂದು ಪಾಲಿನಷ್ಟಾದರೂ ಇರೋ ಸಾವು ನನಗೆ ಬರಲಿ ಅಂತಾನೆ. ಬಿದ್ದ ಶತ್ರುವನ್ನ ಹತ್ತಿರದಿಂದ ನೋಡಿದವನಿಗೆ ಮಾತ್ರ ಬರೋ ಮಾತು. ದೂರದಿಂದ ಶತ್ರು ಅಂದರೆ ಒಂದು ಚುಕ್ಕೆ, ಒಂದು ಹೊಗೆ. ಹತ್ತಿರ ಹೋದರೆ ಜೇಬಿನಲ್ಲಿ ಬೀಡಿ ಇರುತ್ತೆ, ಮನೆಯವರ ಫೋಟೋ ಇರುತ್ತೆ.

— ರಿಮಾರ್ಕ್‌ನ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ನಿಮಗೆ ಅದಕ್ಕೇ ತಂದುಕೊಟ್ಟಿದ್ದು. ಜರ್ಮನ್ ಹುಡುಗ ಪೌಲ್ ಬಾಯ್ಮರ್ ಒಂದು ಗುಂಡಿಯಲ್ಲಿ ಅಡಗಿರ್ತಾನೆ, ಮೇಲೆ ಬಿದ್ದ ಫ್ರೆಂಚ್ ಸಿಪಾಯಿಗೆ ಇರೀತಾನೆ. ಆ ಮನುಷ್ಯ ತಕ್ಷಣ ಸಾಯಲ್ಲ. ಗಂಟೆಗಟ್ಟಲೆ ನರಳ್ತಾನೆ, ಪೌಲ್ ಅವನಿಗೆ ನೀರು ಕುಡಿಸ್ತಾನೆ, ಗಾಯಕ್ಕೆ ಬಟ್ಟೆ ಕಟ್ಟುತ್ತಾನೆ. ಸತ್ತ ಮೇಲೆ ಜೇಬು ನೋಡಿದರೆ, ಮುದ್ರಣಾಲಯದಲ್ಲಿ ಕೆಲಸ ಮಾಡ್ತಿದ್ದವನು, ಹೆಂಡತಿ ಮಗು ಇದ್ದವನು. ನಿನ್ನ ಮನೆಯವರನ್ನ ನಾನು ನೋಡಿಕೊಳ್ತೀನಿ ಅಂತ ಹೆಣಕ್ಕೆ ಮಾತು ಕೊಡ್ತಾನೆ.

— ಮಾರನೇ ದಿನ ಆ ಮಾತು ಗಾಳಿಗೆ ಹೋಗುತ್ತೆ. ಅದನ್ನೂ ಬರೆದಿದ್ದಾನೆ, ಅದಕ್ಕೇ ಆ ಪುಸ್ತಕ ನನಗೆ ಸೇರಿತು. ಬೇರೆಯವನಾಗಿದ್ದರೆ ಆ ಹುಡುಗನನ್ನ ಅಲ್ಲೇ ಸಂತನನ್ನಾಗಿ ಮಾಡಿಬಿಡ್ತಿದ್ದ. ಇವನು ಜೊತೆಗಾರರ ಹತ್ತಿರ ವಾಪಸ್ ಬರ್ತಾನೆ, ಅವರು ಸಮಾಧಾನ ಹೇಳ್ತಾರೆ, ಮತ್ತೆ ಕೋವಿ ಹಿಡೀತಾನೆ. ನಡೆಯೋದು ಹಾಗೇ.

— 1929ರಲ್ಲಿ ಪುಸ್ತಕವಾಗಿ ಬಂತು. ಆಮೇಲೆ 1933ರಲ್ಲಿ ನಾಜಿಗಳು ಅದನ್ನ ಬೆಂಕಿಗೆ ಹಾಕಿದರು. ಸಿಪಾಯಿಗೆ ಅವಮಾನ ಅಂತ ಅವರ ತಕರಾರು.

— ಸಿಪಾಯಿಗೆ ಅವಮಾನ ಆದದ್ದು ಯಾವುದರಿಂದ ಅಂತ ಸಿಪಾಯಿಯನ್ನ ಯಾರೂ ಕೇಳಲ್ಲ. ಅದರಲ್ಲಿ ಇನ್ನೊಂದು ಜಾಗ ಇದೆ, ನೀನು ಗಮನಿಸಿದೆಯೋ ಇಲ್ವೋ. ರಜೆಗೆ ಊರಿಗೆ ಬಂದಾಗ, ಸತ್ತ ಗೆಳೆಯನ ತಾಯಿಯನ್ನ ನೋಡೋಕೆ ಹೋಗ್ತಾನೆ.

— ಕೆಮ್ಮರಿಚ್‌ನ ತಾಯಿ.

— ಆ ತಾಯಿ, ನಿಜ ಹೇಳು, ಹೇಗೆ ಸತ್ತ ಅಂತ ಹಿಡಿದು ಕೇಳ್ತಾಳೆ. ಒಂದೇ ಏಟಿಗೆ ಹೋದ, ನೋವೇ ಆಗಲಿಲ್ಲ ಅಂತ ಇವನು ಆಣೆ ಇಟ್ಟು ಸುಳ್ಳು ಹೇಳ್ತಾನೆ. ಹುಡುಗ ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿಕೊಂಡು, ನರಳಿ ನರಳಿ ಸತ್ತವನು. ಓದ್ತಾ ಪುಸ್ತಕ ಕೆಳಗಿಟ್ಟು ಹಿತ್ತಲಿಗೆ ಹೋಗಿ ನಿಂತಿದ್ದೆ.

— ನೀವೂ ಹೇಳಿದ್ದೀರಾ ಆ ಸುಳ್ಳು?

— ಹೇಳದವನು ಯಾರಿದ್ದಾನೆ? ಪಲ್ಟನ್ನಿನಲ್ಲಿ ಇಬ್ಬಿಬ್ಬರನ್ನ ಜೋಡಿ ಹಾಕ್ತಾರೆ, ಬಡ್ಡಿ ಅಂತಾರೆ. ಅವನು ಮಲಗಿದಾಗ ನೀನು ಎಚ್ಚರ, ನೀನು ಮಲಗಿದಾಗ ಅವನು. ನನ್ನ ಜೋಡಿ ಹೋದಾಗ ಅವನ ಟ್ರಂಕು ಕಟ್ಟಿದವನು ನಾನೇ. ಮನೆಗೆ ಕಳಿಸೋಕೆ ಪಟ್ಟಿ ಮಾಡಬೇಕು. ಉಣ್ಣೆ ಕಾಲುಚೀಲ, ಶೇವಿಂಗ್ ಸೆಟ್, ಗಣಪತಿಯ ಸಣ್ಣ ಪಟ, ಮಗುವಿಗೆ ಅಂತ ತೆಗೆದಿಟ್ಟಿದ್ದ ಪ್ಲಾಸ್ಟಿಕ್ ಗಿಲಕಿ, ಅರ್ಧ ಬರೆದ ಇನ್‌ಲ್ಯಾಂಡ್ ಪತ್ರ. ಆ ಪತ್ರದಲ್ಲಿ ಹೆಂಡತಿ ಮೇಲೆ ಜಗಳ ಮಾಡಿದ್ದ, ಅವಳ ತಮ್ಮನಿಗೆ ದುಡ್ಡು ಕೊಟ್ಟಿದ್ದಕ್ಕೆ. ಪಟ್ಟಿಯಲ್ಲಿ ಅದನ್ನ ಸೇರಿಸಲೋ ಬೇಡವೋ ಅಂತ ಬಹಳ ಹೊತ್ತು ಕೂತಿದ್ದೆ.

— ಸೇರಿಸಿದಿರಾ?

— ಇಲ್ಲ. ಈಗಲೂ ನನ್ನ ಹತ್ತಿರ ಇದೆ. ಸರಿಯೋ ತಪ್ಪೋ ಇವತ್ತಿಗೂ ತಿಳಿದಿಲ್ಲ. ಅವನ ಊರಿಗೆ ಹೋದಾಗ ಅವನ ಹೆಂಡತಿ ಒಂದೇ ಮಾತು ಕೇಳಿದಳು, ಕೊನೇಲಿ ಏನಾದರೂ ಅಂದರಾ ಅಂತ. ನಿನ್ನ ಹೆಸರು ಹೇಳಿದ ಅಂದೆ. ಅವನಿಗೆ ಏನೂ ಹೇಳೋಕೆ ಸಮಯ ಇರಲಿಲ್ಲ.

— ಅತ್ತೆಗೆ ಇದು ಗೊತ್ತಾ?

— ಅವಳಿಗೆ ನಾನು ಹೇಳಿಲ್ಲ. ಅದೇ ಇನ್ನೊಂದು ತಾಪತ್ರಯ. ಯುದ್ಧದಲ್ಲಿ ಯಾರ ಜೊತೆ ಎಲ್ಲಾ ಹೇಳಿಕೊಂಡಿರ್ತೀಯೋ ಅವರು ಹೋಗಿಬಿಟ್ಟಿರ್ತಾರೆ. ಮನೆಗೆ ಬಂದ ಮೇಲೆ ಮನೆಯವರ ಜೊತೆ ಶುರುವಿನಿಂದ ಶುರು ಮಾಡಬೇಕು, ಅಷ್ಟು ತಾಳ್ಮೆ ಯಾರಿಗೂ ಇರಲ್ಲ, ಅವರಿಗೂ ಇಲ್ಲ, ನಮಗೂ ಇಲ್ಲ.

— ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ನಾಟಕ ನಿಮಗೆ ಓದಿಸಬೇಕು. 1929ರದ್ದು. ರನ್ನನ ಗದಾಯುದ್ಧವನ್ನೂ ಅದಕ್ಕೆ ಮೊದಲು ನಾಟಕ ಮಾಡಿದ್ದರು. ಈ ಅಶ್ವತ್ಥಾಮನ್‌ಗೆ ಮೂಲ ಗ್ರೀಕಿನ ಸೋಫೋಕ್ಲಿಸ್‌ನ ಏಜಾಕ್ಸ್. ಅಖಿಲೀಸ್ ಸತ್ತ ಮೇಲೆ ಅವನ ಕವಚ ತನಗೆ ಬರಬೇಕಿತ್ತು, ಒಡಿಸಿಯಸ್‌ಗೆ ಕೊಟ್ಟರು ಅಂತ ಏಜಾಕ್ಸ್‌ಗೆ ಅವಮಾನ. ಸೇನಾಪತಿಗಳನ್ನೇ ಕೊಲ್ಲೋಕೆ ರಾತ್ರಿ ಹೊರಡ್ತಾನೆ. ದೇವತೆ ಅಥೀನಾ ಬುದ್ಧಿ ಕೆಡಿಸ್ತಾಳೆ. ದನಕುರಿಗಳ ಮಂದೆಯನ್ನು ಶತ್ರುಗಳು ಅಂದುಕೊಂಡು ಕಡಿದು ಹಾಕ್ತಾನೆ, ಕೆಲವನ್ನು ಡೇರೆಗೆ ಎಳೆದು ತಂದು ಹೊಡೀತಾನೆ. ಬುದ್ಧಿ ತಿಳಿಯಾದಾಗ ಸುತ್ತ ರಕ್ತ, ಸತ್ತ ಪ್ರಾಣಿಗಳು. ಹೆಂಡತಿ ಟೆಕ್ಮೆಸ್ಸಾ ಬಾಗಿಲಲ್ಲಿ ನಿಂತು ನೋಡ್ತಿರ್ತಾಳೆ.

— ಆಮೇಲೆ ಪ್ರಾಣ ಕಳೆದುಕೊಳ್ತಾನೆ.

— ನಿಮಗೆ ಗೊತ್ತಿತ್ತಾ?

— ಗೊತ್ತಿರಲಿಲ್ಲ. ಕಥೆ ಅಲ್ಲಿಗೇ ಹೋಗುತ್ತೆ ಅಂತ ತಿಳೀತು.

— ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬೀಳ್ತಾನೆ. ಆ ಕತ್ತಿ ಶತ್ರು ಹೆಕ್ಟರ್ ಉಡುಗೊರೆ ಕೊಟ್ಟದ್ದು. ಬರೆದ ಸೋಫೋಕ್ಲಿಸ್ ಬರೀ ಕವಿಯಲ್ಲ, ಅಥೆನ್ಸ್‌ನ ಸೇನಾನಾಯಕನಾಗಿ ಆಯ್ಕೆಯಾಗಿದ್ದವನು. ಇನ್ನೊಂದು ವಿಷಯ. 2008ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಬ್ರಯಾನ್ ಡೋರಿಸ್ ಅನ್ನೋ ನಿರ್ದೇಶಕ ಈ ಸೋಫೋಕ್ಲಿಸ್‌ನ ಯುದ್ಧದ ನಾಟಕಗಳನ್ನ ಮರೀನ್ ಸೈನಿಕರ ಮುಂದೆ, ಅವರ ಹೆಂಡತಿಯರ ಮುಂದೆ ಓದಿಸಿದ. ಓದು ಮುಗಿದ ಮೇಲೆ ಮಾತುಕತೆ ಗಂಟೆಗಟ್ಟಲೆ ನಿಲ್ಲಲಿಲ್ಲವಂತೆ. ಎರಡೂವರೆ ಸಾವಿರ ವರ್ಷದ ಹಿಂದಿನ ಹೆಂಗಸು ಟೆಕ್ಮೆಸ್ಸಾ ಬಾಗಿಲಲ್ಲಿ ನಿಂತು ಕಂಡದ್ದನ್ನ ಇವರೂ ಕಂಡಿದ್ದರು.

— ನಮ್ಮ ಕಡೆ ಯಾರಾದರೂ ಹಾಗೆ ಓದಿಸಿದರೆ ನಾನು ಹೋಗ್ತೀನಿ. ಅತ್ತೆಯನ್ನೂ ಕರಕೊಂಡು ಹೋಗ್ತೀನಿ. ಭಾಷಣಕ್ಕಿಂತ ಅದು ಮೇಲು. ಆದರೆ ನನಗೆ ಒಂದು ಕುತೂಹಲ. ಸೋತವರ ಗೋಳು, ಹುಚ್ಚು ಹಿಡಿದವರ ಗೋಳು ಎಲ್ಲ ಆಯಿತು. ಗೆದ್ದವನ ಕಥೆ?

— ಧರ್ಮರಾಯ. ಗಂಗೆಯ ದಡದಲ್ಲಿ ಸತ್ತವರಿಗೆಲ್ಲ ತರ್ಪಣ ಬಿಡೋವಾಗ ಕುಂತಿ, ಕರ್ಣನಿಗೂ ಬಿಡು, ಅವನು ನಿನ್ನ ಅಣ್ಣ ಅಂತಾಳೆ. ಶಾಂತಿಪರ್ವ ಶುರುವಾಗೋದೇ ಆ ದುಃಖದಿಂದ. ಗೆದ್ದ ರಾಜ್ಯ ಬೇಡ, ಕಾಡಿಗೆ ಹೋಗ್ತೀನಿ ಅಂತಾನೆ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಅಂತ ಶಾಪ ಬೇರೆ. ಅದೊಂದು ನನಗೆ ಸೇರಲ್ಲ. ಗುಟ್ಟು ಇಟ್ಟವರಲ್ಲಿ ಗಂಡಸರೇ ಹೆಚ್ಚು.

— ಕೃಷ್ಣನಿಗೂ ಗೊತ್ತಿತ್ತಲ್ಲ.

— ಅಷ್ಟೇ ಅಲ್ಲ. ವ್ಯಾಸಭಾರತದಲ್ಲಿ ಕರ್ಣನೇ ಕೃಷ್ಣನನ್ನ ಬೇಡಿಕೊಳ್ತಾನೆ, ಧರ್ಮರಾಯನಿಗೆ ಹೇಳಬೇಡ ಅಂತ. ಗೊತ್ತಾದರೆ ಅವನು ರಾಜ್ಯ ತೆಗೆದುಕೊಳ್ಳಲ್ಲ, ನನಗೆ ಕೊಡ್ತಾನೆ, ನಾನು ಅದನ್ನ ದುರ್ಯೋಧನನಿಗೆ ಕೊಡಬೇಕಾಗುತ್ತೆ ಅಂತ.

— ತಡಿ, ತಡಿ. ಅಂದರೆ ಇವನು ಬಾಯಿಬಿಟ್ಟಿದ್ದರೆ ಯುದ್ಧವೇ ಇರ್ತಿರಲಿಲ್ಲ? ಹದಿನೆಂಟು ಅಕ್ಷೋಹಿಣಿ ಮನೆಗೆ ಹೋಗ್ತಿತ್ತು?

— ಹಾಗೆ ಓದಬಹುದು. ಆದರೆ ಪಾಂಡವರು ಬರಿಗೈಯಲ್ಲಿ ಕಾಡಿಗೆ ವಾಪಸ್. ದ್ರೌಪದಿ ಒಪ್ಪುತ್ತಿದ್ದಳಾ? ಭೀಮ ಒಪ್ಪುತ್ತಿದ್ದನಾ?

— ಒಪ್ಪುತ್ತಿರಲಿಲ್ಲ, ಬಿಡು. ಭೀಮ ಹೇಗಿದ್ದರೂ ಗದೆ ಎತ್ತುತ್ತಿದ್ದ. ಆದರೂ ಯಾರ ಮೇಲೆ ಎತ್ತುತ್ತಿದ್ದೇನೆ ಅಂತ ತಿಳಿದು ಎತ್ತುತ್ತಿದ್ದ. ಧರ್ಮರಾಯನ ದುಃಖಕ್ಕೆ ನಿಮ್ಮ ವ್ಯಾಸರು ಒಂದು ದೊಡ್ಡ ಪರ್ವವನ್ನೇ ಶುರು ಮಾಡಿದರು. ಬಾಣ ಬಿಟ್ಟವನು ಧರ್ಮರಾಯ ಅಲ್ಲ, ಅರ್ಜುನ. ಟ್ರಿಗರ್ ಮೇಲೆ ಬೆರಳು ಅವನದು. ಅವನಿಗೇನಾಯಿತು ಅಂತ ಯಾರಾದರೂ ಕೇಳಿದ್ದಾರಾ?

— ಕುಮಾರವ್ಯಾಸ ಕೇಳಿದ್ದಾನೆ, ಬಾಣ ಬಿಡೋದಕ್ಕೆ ಮುಂಚೆ. ಕರ್ಣನ ರಥದ ಚಕ್ರ ಹೂತು ಹೋದಾಗ ಅರ್ಜುನನಿಗೆ ಕೈ ಬರಲ್ಲ. ಇವನ ಮೇಲೆ ಯಾಕೋ ಒಡಹುಟ್ಟಿದವನ ಮೇಲಿನ ಅಕ್ಕರೆ ಬರ್ತಿದೆ, ನಿಜ ಹೇಳು, ಯಾರಿವನು ಅಂತ ಕೃಷ್ಣನನ್ನ ಕೇಳ್ತಾನೆ.

— ಹೇಳ್ತಾನಾ?

— ಇಲ್ಲ. ಮಾತು ಮರೆಸಿ ಬಾಣ ಬಿಡಿಸ್ತಾನೆ.

— ಆ ಭಾಗದ ಪುಸ್ತಕ ನಿನ್ನ ಹತ್ತಿರ ಇದೆಯಾ?

— ಕಾಲೇಜಿನ ಲೈಬ್ರರಿಯಲ್ಲಿದೆ. ಕರ್ಣಪರ್ವದ ಕೊನೇ ಸಂಧಿಗಳು.

— ಸೋಮವಾರ ತಗೊಂಡು ಬಾ. ಪದ್ಯದ್ದೇ ತಾ, ನಿಧಾನಕ್ಕೆ ಬಿಡಿಸಿಕೊಂಡು ಓದ್ತೀನಿ.